ಬೀದರ್ ಬಸ್ಸು ಹತ್ತಿದ ಪುಸ್ತಕ

ಏಪ್ರಿಲ್‌ನಲ್ಲಿ ಸೂಟಿ ಬಿಡುವ ದಿನ ಕಮಲಾಪುರದ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದೆ. ಹೊಸದಾಗಿ ಬಂದ ಕನ್ನಡ ಟೀಚರ್, ಹೆಚ್ಚುಕಡಿಮೆ ನನ್ನ ಮಗಳ ವಯಸ್ಸಿನ ಹುಡುಗಿ, ಕುರ್ಚಿ ಎಳೆದುಕೊಂಡು ಹತ್ತಿರ ಬಂದಳು.

"ಮೇಡಂ, ನೀವು ಹೆಂಗೂ ಈ ಸಲ ಟ್ರಾನ್ಸ್‌ಫರ್ ತಗೊಂಡು ಸಿಟಿಗೆ ಹೋಗೋರು. ಲೈಬ್ರರಿ ಕೀಲಿ ನನ್ನ ಕೈಗೇ ಬರ್ತದ. ಈ ವರ್ಷ ನೀವು ಓದಿದ್ರೊಳಗ ನಿಮಗ ಭಾಳ ಸೇರಿದ್ದು ಯಾವುದ್ರಿ? ಅದರಿಂದನೇ ಸುರು ಮಾಡ್ತೀನಿ."

"ಲಾರಿ ಪುಸ್ತಕ," ಎಂದೆ, ತಡಮಾಡದೆ.

"ಅದರ ಹೆಸರೇನ್ರಿ?"

ಹೆಸರು ನೆನಪಾಗಲಿಲ್ಲ. ಬರೆದವರ ಹೆಸರೂ ನೆನಪಾಗಲಿಲ್ಲ. ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು, ನಾನು ಫ್ಯಾನು ನೋಡುತ್ತಿದ್ದೆ. ವರ್ಷವಿಡೀ ಓದಿದೆ ಎನ್ನುವ ಈ ಮೇಡಂ ಬರೀ ಬಡಾಯಿ ಕೊಚ್ಚುತ್ತಾರೆ ಅಂತ ಅಂದುಕೊಂಡಿರಬೇಕು. ಏನು ಮಾಡಲಿ, ನಮ್ಮ ಮನೆಯಲ್ಲಿ ಪುಸ್ತಕಗಳಿಗೆ ಹೆಸರಿಡುವವರು ನಮ್ಮ ಅತ್ತೆ. ಮುಖಪುಟದ ಮೇಲೆ ಏನೇ ಅಚ್ಚಾಗಿರಲಿ, ಅವರು ಇಟ್ಟ ಹೆಸರೇ ಕಾಯಂ.

ಟ್ರಾನ್ಸ್‌ಫರಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಮನೆ ಇರುವುದು ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ನಾನು ಕಮಲಾಪುರಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದೇನೆ. ಈಗ ಅವಳು ಧಾರವಾಡದಲ್ಲಿ ಕಾಲೇಜು ಓದುತ್ತಾಳೆ. ಇಷ್ಟು ವರ್ಷವೂ ಊರೊಳಗಿನ ಒಂದು ಶಾಲೆಗೆ ಹಂಬಲಿಸಿದವರು ನನಗಿಂತ ಹೆಚ್ಚಾಗಿ ನಮ್ಮ ಅತ್ತೆ. ಮನೆಗೆ ಯಾರೇ ಚಹಾಕ್ಕೆ ಬರಲಿ, ಕಪ್ಪು ಕೆಳಗಿಡುವ ಮೊದಲು ಸೊಸೆಯ ಬಸ್ಸಿನ ಕಷ್ಟ ಕೇಳಿಯೇ ಹೋಗಬೇಕು. ಮದುವೆ ಮನೆಯಲ್ಲಿ ಯಾರಾದರೂ ಶಿಕ್ಷಣ ಇಲಾಖೆಯವರು ಅಂತ ಗೊತ್ತಾದರೆ ಊಟದ ಪಂಕ್ತಿಯಲ್ಲಿ ಹೋಗಿ ಅವರ ಪಕ್ಕದಲ್ಲೇ ಕೂತುಬಿಡುವರು. "ನಮ್ಮ ಸೊಸಿ ದಿನಾ ಬಸ್ಸಿನ್ಯಾಗ ಬಡಕೋತ ಹೋಗ್ತಾಳ್ರಿ. ಊರಾಗ ಒಂದು ಸಾಲಿ ಸಿಗವಲ್ದು ನೋಡ್ರಿ," ಎಂದು ಶುರುಮಾಡಿದರೆ ಎದುರಿನವರಿಗೆ ಹೋಳಿಗೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಈ ವರ್ಷ ಜ್ಯೇಷ್ಠತೆಯಲ್ಲಿ ನನ್ನ ಸರದಿ ಬಂದೇ ಬರುತ್ತದೆ ಅಂತ ಎಲ್ಲರೂ ಹೇಳಿದ್ದರು. ಅದೇ ವರ್ಷ ನನಗೆ ಓದಿನ ಹುಚ್ಚು ಹಿಡಿಯಿತು.

ಮಾಸ್ತರಿಕೆ ಮಾಡುವವರ ವರ್ಷ ಜೂನ್‌ನಲ್ಲಿ ಶುರುವಾಗುತ್ತದೆ. ಕಳೆದ ಜೂನ್‌ನಲ್ಲಿ ಶಾಲೆಯ ಮೊದಲ ಮೀಟಿಂಗಿನ ದಿನ ನಮ್ಮ ಬಸ್ಸು ಮಹಾಗಾಂವ ಕ್ರಾಸ್ ಹತ್ತಿರ ಪಂಕ್ಚರ್ ಆಯಿತು. ಮೀಟಿಂಗಿಗೆ ಇಲ್ಲದವರ ತಲೆಗೆ ಬೇಡದ ಕೆಲಸ ಕಟ್ಟುವುದು ಎಲ್ಲ ಶಾಲೆಗಳ ಪದ್ಧತಿ. ನಾನು ಬಂದು ಮುಟ್ಟುವಷ್ಟರಲ್ಲಿ ಆಟೋಟ, ಬಿಸಿಯೂಟ, ಪ್ರಾರ್ಥನೆ ಎಲ್ಲ ಹಂಚಿಹೋಗಿ, ಗಣಿತ ಕಲಿಸುವ ನನ್ನ ಪಾಲಿಗೆ ಲೈಬ್ರರಿ ಉಳಿದಿತ್ತು. ಲೈಬ್ರರಿ ಅಂದರೆ ಹೆಡ್ ಮಾಸ್ತರರ ಕೋಣೆಯ ಬಾಗಿಲ ಹಿಂದಿನ ಒಂದು ಕಬ್ಬಿಣದ ಅಲಮಾರಿ. ಅದರ ತಲೆಯ ಮೇಲೆ ಬ್ಯಾಂಡಿನ ಡ್ರಮ್ಮು, ಹೊಟ್ಟೆಯೊಳಗೆ ವರ್ಷಗಟ್ಟಲೆ ಯಾರೂ ಮುಟ್ಟದ ಪುಸ್ತಕ. ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು ತೆಗೆದಾಗ ಒಳಗಿನಿಂದ ಒಂದು ಹಲ್ಲಿ ಹೊರಬಂದು ನನ್ನನ್ನು ದುರುಗುಟ್ಟಿ ನೋಡಿತು.

ಅವತ್ತು ಸಂಜೆ ಬಸ್ಸಿನಲ್ಲಿ ತಿದ್ದಲು ಟೆಸ್ಟ್ ಪೇಪರಿರಲಿಲ್ಲ, ನಿದ್ದೆಯೂ ಬರಲಿಲ್ಲ. ಕೈಗೆ ಸಿಕ್ಕ ಒಂದು ದಪ್ಪ ಕಾದಂಬರಿ ಬಿಚ್ಚಿದೆ. ಮೊದಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ನೇರವಾಗಿ ಇಬ್ಬರು ಅಣ್ಣತಮ್ಮಂದಿರ ಜಗಳದ ನಡುವೆ ಹೋಗಿ ಬಿದ್ದೆ. ಒಂದು ಬಾವಿಯ ಕಟ್ಟೆಯ ಮೇಲೆ ನಿಂತು ಇಬ್ಬರೂ ಒಬ್ಬರನ್ನೊಬ್ಬರು ನೂಕುತ್ತಿದ್ದರು, ಯಾಕೆ ಅಂತ ಗೊತ್ತಿಲ್ಲ. ಎಷ್ಟು ಮುಳುಗಿಹೋದೆನೆಂದರೆ ಕಲಬುರಗಿ ಬಸ್‌ಸ್ಟ್ಯಾಂಡು ಬಂದು, ಜನರೆಲ್ಲ ಇಳಿದು, ಬಸ್ಸು ಡಿಪೋದ ಕಡೆ ಹೊರಟ ಮೇಲೆ ಡ್ರೈವರ್ ಕನ್ನಡಿಯಲ್ಲಿ ನನ್ನನ್ನು ನೋಡಿ ಗಕ್ಕನೆ ಬ್ರೇಕ್ ಹಾಕಿದ. "ಅಕ್ಕೋರ, ರಾತ್ರಿ ಡ್ಯೂಟಿಗೂ ಬರ್ತೀರೇನು?" ಎಂದ.

ಮನೆಗೆ ಹೋದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಅವರು ಶಹಾಬಜಾರಿನ ಕಾಳಿನ ವ್ಯಾಪಾರದ ಮನೆಯಲ್ಲಿ ಹುಟ್ಟಿ ಬೆಳೆದವರು. ಒಂದು ಹಿಡಿ ತೊಗರಿ ನೋಡಿ ಇಡೀ ಚೀಲದ ಗುಣ ಹೇಳುತ್ತಾರೆ, ಮುಖ ನೋಡಿ ಮನುಷ್ಯರದೂ ಹೇಳುತ್ತಾರೆ. ತಡ ಯಾಕಾಯಿತು ಅಂದರು. ಉಳಿದ ದಿನವಾಗಿದ್ದರೆ ಬಸ್ಸಿನ ಮೇಲೆ ಹಾಕುತ್ತಿದ್ದೆ. ಅವತ್ತು ಇದ್ದದ್ದು ಇದ್ದಂತೆ ಹೇಳಿದೆ.

"ಇಳಿಯೋದು ಮರಿಯೋವಂಥಾದ್ದು ಏನದ ಅದರಾಗ?" ಎಂದರು.

ಹಿಟ್ಟು ನಾದುತ್ತ ಓದಿದಷ್ಟನ್ನು ಹೇಳಿದೆ. ಅವರು ಅಡುಗೆಮನೆಯ ಬಾಗಿಲ ಹತ್ತಿರ ಮಣೆ ಹಾಕಿಕೊಂಡು ಮೊರದಲ್ಲಿ ಜೋಳ ಹಸನು ಮಾಡುತ್ತ ಕೇಳಿದರು. ಅವರಿಗೆ ಓದಲು ಬರುತ್ತದೆ, ಆದರೆ ಸಣ್ಣ ಅಕ್ಷರ ನೋಡಿದರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಮುಗಿದ ಮೇಲೆ, "ಅಲ್ಲ, ಜಗಳ ಯಾತಕ್ಕ ಸುರು ಆತು?" ಅಂದರು. ಗೆದ್ದಲು ತಿಂದಿದೆ ಅಂದೆ. ಅವರಿಗೆ ಸಿಟ್ಟು ಬಂತು, ಗೆದ್ದಲಿನ ಮೇಲೂ, ನನ್ನ ಮೇಲೂ. ಮರುದಿನ ಬೆಳಿಗ್ಗೆ ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದವರೇ, "ತಮ್ಮನ ಹೆಂಡತಿ ಅಣ್ಣನ ಹೆಂಡತಿಗೆ ಹಗ್ಗ ಕೊಟ್ಟಿರಂಗಿಲ್ಲ. ನೀರು ಸೇದಾಕ ಬಂದಾಗ. ಅದ ಇರಬೇಕು," ಎಂದರು. ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದರು ಅಂತ ಕಾಣುತ್ತದೆ. ಇನ್ನೂ ಮುಂದೆ ಓದಿದಾಗ ಕಾರಣ ಬೇರೆ ಅಂತ ಗೊತ್ತಾಯಿತು, ಯಾವುದೋ ಹಳೆಯ ವೈರ. ನನಗಂತೂ ಅತ್ತೆ ಹೇಳಿದ ಹಗ್ಗದ ಕಾರಣವೇ ಹೆಚ್ಚು ಖರೆ ಅನ್ನಿಸಿತು. ಅದು 'ಬಾವಿ ಪುಸ್ತಕ'. ಈ ವರ್ಷ ನನಗೆ ಸೇರಿದವುಗಳಲ್ಲಿ ಮೊದಲನೆಯದು.

ಅಂದಿನಿಂದ ಇದು ಪದ್ಧತಿಯಾಯಿತು. ಬಸ್ಸಿನಲ್ಲಿ ಹೋಗುವಾಗ ಒಂದು ತಾಸು, ಬರುವಾಗ ಒಂದು ತಾಸು ಓದು. ಸಂಜೆ ರೊಟ್ಟಿ ಬಡಿಯುವಾಗ ಅತ್ತೆಗೆ ವರದಿ. ನಮ್ಮ ಮನೆಯವರು ಹೊರಗೆ ಟಿವಿ ಮುಂದೆ ಕೂತು, "ಇವತ್ತಿನ ವಾರ್ತೆ ಮುಗೀತೇನು, ಊಟಕ್ಕ ಬರಲ್ಯಾ?" ಎಂದು ಕೂಗುತ್ತಿದ್ದರು.

ಎರಡನೆಯದು 'ಹೊಳಿ ಪುಸ್ತಕ'. ಒಬ್ಬ ಮನುಷ್ಯ ಒಂದು ನದಿಯ ದಂಡೆ ಹಿಡಿದು, ಅದು ಹುಟ್ಟುವ ಜಾಗದ ತನಕ ಒಬ್ಬನೇ ನಡೆದುಕೊಂಡು ಹೋದ ಪ್ರವಾಸದ ಪುಸ್ತಕ. ಬಹಳ ಚೆಂದ ಬರೆದಿದ್ದ. ಬೆಳಕು, ಕಲ್ಲು, ನೀರಿನ ಬಣ್ಣ, ದೋಣಿಯವರ ಮಾತು ಎಲ್ಲ ಇತ್ತು. ಒಂದು ಮಾತ್ರ ಬರೆದಿರಲಿಲ್ಲ, ಊಟ. ಅತ್ತೆಗೆ ಮೊದಲ ದಿನದಿಂದಲೇ ಅದರದೇ ಚಿಂತೆ. "ಅಂವ ಅವತ್ತ ಏನ ಉಂಡ?" ಬರೆದಿಲ್ಲ ಅಂದರೆ ನಂಬುವವರಲ್ಲ, ನಾನೇ ಹಾರಿಸಿ ಹೇಳುತ್ತಿದ್ದೇನೆ ಅಂತ ಗುಮಾನಿ. ಕೊನೆಗೆ ಸಾಕಾಗಿ ನಾನೇ ಅವನಿಗೆ ಅಡುಗೆ ಮಾಡಿ ಬಡಿಸತೊಡಗಿದೆ. ಒಂದು ದಿನ ಬೇಳೆ ಅನ್ನ, ಒಂದು ದಿನ ಮೊಸರು ಅವಲಕ್ಕಿ. ಹಾಗೇ ನಡೆದಿತ್ತು. ಹಿಮದ ಬೆಟ್ಟದ ಬುಡದಲ್ಲಿ ಒಂದು ಗುಡಿಸಲಿನಲ್ಲಿ ಅವನಿಗೆ ನಮ್ಮ ಕಡೆಯ ಹುಳಿಸೊಪ್ಪಿನ ಪುಂಡಿಪಲ್ಯ, ಜೋಳದ ರೊಟ್ಟಿ ಬಡಿಸಿದ ದಿನ ಸಿಕ್ಕಿಬಿದ್ದೆ.

ಅತ್ತೆ ಮೊರ ಕೆಳಗಿಟ್ಟರು. "ಅಲ್ಲಿ ಎಲ್ಲಿಂದ ಬಂತವಾ ಪುಂಡಿ?"

ನಾನು ರೊಟ್ಟಿ ಕಡೆ ತಿರುಗಿಕೊಂಡೆ. ಹಿಂದಿನಿಂದ ಅವರು ನಗುವುದು ಕೇಳಿಸಿತು, ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಕುಲುಕುವ ಹಾಗೆ. ನಾನೂ ನಕ್ಕೆ. ಮದುವೆಯಾಗಿ ಬಂದು ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಸೇರಿ ಹಾಗೆ ನಕ್ಕದ್ದು ಅದೇ ಮೊದಲು.

ಎಲ್ಲ ಪುಸ್ತಕಗಳೂ ಮನೆಯವರೆಗೆ ಬಂದವು ಅಂತಲ್ಲ. ಸೊನ್ನೆಯ ಬಗ್ಗೆ ಒಂದು ಪುಸ್ತಕವಿತ್ತು, ಸೊನ್ನೆ ಎಲ್ಲಿ ಹುಟ್ಟಿತು, ಯಾರು ಯಾರ ಕೈ ದಾಟಿ ಹೋಯಿತು ಅಂತ. ನನಗೆ ಪ್ರಾಣ. ಅತ್ತೆ ಕೂತಲ್ಲೇ ತೂಕಡಿಸಿದರು. ಎಚ್ಚರಾದ ಮೇಲೆ, "ಏನೂ ಇಲ್ಲದ್ದರ ಮ್ಯಾಲ ಇಷ್ಟು ಬರದಾರ?" ಎಂದು ಕೇಳಿ ಮಲಗಲು ಹೋದರು. ಅದನ್ನು ನಾನೊಬ್ಬಳೇ ಓದಿ ಒಬ್ಬಳೇ ಇಷ್ಟಪಟ್ಟೆ. ಒಬ್ಬ ನರ್ಸಮ್ಮ ಬರೆದ ಸಣ್ಣ ಕಥೆಗಳ ಪುಸ್ತಕವೂ ಇತ್ತು. ಅದರಲ್ಲಿ ಒಂದು ಕಥೆ, ಆಸ್ಪತ್ರೆಯಲ್ಲಿ ಎಲ್ಲ ಗಂಡಸರೂ ಡಿಸ್ಚಾರ್ಜ್ ಆಗುವ ದಿನ ದಾಡಿ ಮಾಡಿಕೊಳ್ಳುವುದರ ಬಗ್ಗೆ, ಓದುತ್ತ ಬಸ್ಸಿನಲ್ಲೇ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಮನೆಯಲ್ಲಿ ಯಾರಿಗೋ ಏನೋ ಆಗಿದೆ ಅಂದುಕೊಂಡು ನನ್ನ ಬೆನ್ನು ಸವರಿ, "ಎಲ್ಲಾ ದೇವರಾಟ, ಸುಮ್ಮನಿರವಾ," ಎಂದು ಬುಟ್ಟಿಯಿಂದ ಎರಡು ಕೆಂಪು ಬಾಳೆಹಣ್ಣು ತೆಗೆದು ಕೊಟ್ಟಳು. ಪುಸ್ತಕ ಓದಿ ಅತ್ತದ್ದು ಅಂತ ಹೇಳಲು ಧೈರ್ಯ ಬರಲಿಲ್ಲ. ಹಣ್ಣು ತಿಂದೆ.

ಇನ್ನು ಲಾರಿ ಪುಸ್ತಕ. ಐವತ್ತು ದಾಟಿದ ಒಬ್ಬ ಹೆಂಗಸು. ಗಂಡ ಸತ್ತು ಅವನ ಲಾರಿ ಅಂಗಳದಲ್ಲಿ ನಿಂತಿದೆ. ಮೈದುನ ಅದನ್ನು ಮಾರಿಬಿಡು ಅನ್ನುತ್ತಾನೆ. ಅವಳು ಮಾರುವುದಿಲ್ಲ, ಓಡಿಸಲು ಕಲಿಯುತ್ತಾಳೆ. ಊರೆಲ್ಲ ನಗುತ್ತದೆ. ಮೊದಲ ಸಂಜೆಯೇ ಅತ್ತೆ ಜೋಳದ ಮೊರ ಬದಿಗಿಟ್ಟು ಕೈ ಕಟ್ಟಿ ಕೂತರು. ಮೈದುನನಿಗೆ ಅವರು ಬೈದ ಬೈಗುಳ ಪುಸ್ತಕದಲ್ಲಿ ಇದ್ದದ್ದಕ್ಕಿಂತ ಜೋರಾಗಿತ್ತು. ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವ ಮೊದಲೇ, "ಎಲ್ಲಿತನ ಬಂತು?" ಎನ್ನುವರು. ಮುಂದೆ ಓದಿಕೊಂಡು ಹೋಗಬಾರದು ಅಂತ ನನಗೊಂದು ಕಟ್ಟಪ್ಪಣೆ ಬೇರೆ. ಅವರಿಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತಿರಬೇಕು, ಮರುದಿನದ ಓದು ಮರುದಿನಕ್ಕೆ. ಜನವರಿಯ ಒಂದು ಸಂಜೆ ಕಥೆ ಘಾಟಿಯ ರಸ್ತೆಗೆ ಬಂದು ನಿಂತಿತ್ತು. ರಾತ್ರಿ, ಮಳೆ, ಲಾರಿ ತುಂಬ ಈರುಳ್ಳಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯುತ್ತಿಲ್ಲ.

ಇಲ್ಲಿ ನಮ್ಮ ಬಸ್ಸಿನ ಒಂದು ಕಾಯಿದೆ ಹೇಳಬೇಕು. ಹೆಂಗಸರಿಗೆ ಟಿಕೆಟಿನ ದುಡ್ಡು ಬೇಡ ಅಂತಾದ ಮೇಲೆ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ. ಸೀಟು ಹಿಡಿಯುವುದು ಕಿಟಕಿಯಿಂದಲೇ. ಬಸ್ಸು ಬಂದು ನಿಲ್ಲುವ ಮೊದಲೇ ಅದರ ಜೊತೆ ಓಡುತ್ತ ಕರವಸ್ತ್ರ, ಟವೆಲ್ಲು, ಊಟದ ಚೀಲ, ಕೆಲವೊಮ್ಮೆ ಕೂಸನ್ನೇ ಕಿಟಕಿಯಿಂದ ಒಳಗೆ ಇಳಿಸಿಬಿಡುತ್ತಾರೆ. ಯಾರ ವಸ್ತು ಮೊದಲು ಸೀಟಿನ ಮೇಲೆ ಬಿತ್ತೋ ಸೀಟು ಅವರದು. ಆಮೇಲೆ ನಿಧಾನಕ್ಕೆ ಬಾಗಿಲಿನಿಂದ ಹತ್ತಬಹುದು. "ಅರಿವಿ ಹಾಕೀನ್ರಿ," ಅಂದರೆ ಎಂಥ ಜಗಳಗಂಟನೂ ಗೊಣಗುತ್ತ ಎದ್ದು ಜಾಗ ಬಿಡುತ್ತಾನೆ.

ಮರುದಿನ ಬೆಳಿಗ್ಗೆ ನನ್ನ ಕರವಸ್ತ್ರ ಊಟದ ಡಬ್ಬಿಗೆ ಸುತ್ತಿತ್ತು, ಪುಂಡಿಪಲ್ಯ ಸೋರುತ್ತಿತ್ತು. ಎರಡು ಬಸ್ಸುಗಳು ಒಟ್ಟಿಗೆ ಬಂದವು. ಅವೆರಡರ ನಡುವಿನ ಇಕ್ಕಟ್ಟಿನಲ್ಲಿ ನಾನು, ಸುತ್ತಲೂ ನೂಕಾಟ. ಕೈಯಲ್ಲಿ ಇದ್ದದ್ದು ಪುಸ್ತಕ. ಹಿಂದೆ ಮುಂದೆ ನೋಡದೆ ಕಿಟಕಿಯೊಳಗೆ ಕೈ ತೂರಿಸಿ ಸೀಟಿನ ಮೇಲೆ ಅದನ್ನೇ ಎಸೆದೆ. ಸುತ್ತಿ ಬಂದು ಬಸ್ಸು ಹತ್ತಿ ನೋಡುತ್ತೇನೆ, ಪುಸ್ತಕವಿಲ್ಲ. ಅಲ್ಲಿ ಒಬ್ಬರು ಆರಾಮಾಗಿ ಕೂತಿದ್ದಾರೆ. ಜಗಳಕ್ಕೆ ಬಾಯಿ ತೆಗೆಯುವಷ್ಟರಲ್ಲಿ ಪಕ್ಕದ ಬಸ್ಸು ಹೊರಟಿತು. ಅದರ ಕಿಟಕಿಯೊಳಗೆ ಖಾಲಿ ಸೀಟು, ಸೀಟಿನ ಮೇಲೆ ನನ್ನ ಪುಸ್ತಕ. ನಾನು ಎಸೆದದ್ದು ಬೀದರಿನ ಎಕ್ಸ್‌ಪ್ರೆಸ್ ಬಸ್ಸಿಗೆ, ಹತ್ತಿದ್ದು ಕಮಲಾಪುರದ ಬಸ್ಸಿಗೆ.

ಸಂಜೆ ಮನೆಗೆ ಹೋಗಲು ಹೆದರಿಕೆಯಾಯಿತು. ಈ ವಯಸ್ಸಿನಲ್ಲಿ ಅತ್ತೆಗೆ ಹೆದರುವುದು ಒಂದು ಪುಸ್ತಕದ ಸಲುವಾಗಿ ಅಂತ ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಬ್ರೇಕ್ ಹತ್ತವಲ್ದು ಅಂದಿ. ಮುಂದ?" ಎಂದರು.

"ಮುಂದ ಗೊತ್ತಿಲ್ರಿ ಅತ್ತ್ಯಾರ. ಪುಸ್ತಕ ಬೀದರ್ ಬಸ್ಸಿನ್ಯಾಗ ಹೋತು."

"ಮತ್ತ ನೀ?"

"ನಾ ಕಮಲಾಪುರ ಬಸ್ಸಿನ್ಯಾಗ ಹೋದೆ."

ಅವರು ಎದ್ದು ದೇವರ ಕೋಣೆಗೆ ಹೋದರು. ಊಟಕ್ಕೆ ಕೂತಾಗ ನಾನು ಎರಡನೇ ರೊಟ್ಟಿಗೆ ಕೈ ಹಾಕಿದ್ದೇ ತಡ, "ಅಕಿನ್ನ ಘಾಟಿನ್ಯಾಗ ಬಿಟ್ಟು ನೀ ಇಲ್ಲಿ ಉಣ್ಣಾಕತ್ತಿ?" ಎಂದರು. ನಮ್ಮ ಮನೆಯವರು ಯಾರನ್ನು, ಯಾವ ಘಾಟಿನಲ್ಲಿ ಅಂತ ಗಾಬರಿಯಿಂದ ಇಬ್ಬರ ಮುಖವನ್ನೂ ನೋಡಿದರು. ವಿಷಯ ತಿಳಿದ ಮೇಲೆ ಅವರು ನಕ್ಕದ್ದಕ್ಕೆ ಅವರಿಗೂ ಬೈಗುಳ ಬಿತ್ತು. ಅತ್ತೆ ಅವತ್ತು ಬರೀ ಮಜ್ಜಿಗೆ ಕುಡಿದು ಮಲಗಿದರು.

ಕಮಲಾಪುರ ಬಸ್ಸಿನ ಕಂಡಕ್ಟರಿಗೆ ಹೇಳಿದ್ದೆ. ಅವನು ಬೀದರ್ ಬಸ್ಸಿನವನಿಗೆ ಹೇಳಿದ್ದ. ಎರಡು ದಿನ ಬಿಟ್ಟು ಸಂಜೆ ನಾನು ಬಸ್ಸು ಹತ್ತಿದಾಗ ನಮ್ಮ ಕಂಡಕ್ಟರ್ ತನ್ನ ಪೆಟ್ಟಿಗೆಯಿಂದ ಪುಸ್ತಕ ತೆಗೆದು ಎರಡೂ ಕೈಯಿಂದ ಕೊಟ್ಟ.

"ಇದರ ಕಥಿ ಏನ್ ಕೇಳ್ತೀರಿ ಅಕ್ಕೋರ. ಕಲಬುರಗಿಯಿಂದ ಹುಮನಾಬಾದ್ ಮಟಾ ಆ ಸೀಟ್ ಖಾಲಿನೇ ಹೋಗ್ಯಾದಂತ್ರಿ! ಮಂದಿ ಒಬ್ಬರ ಮ್ಯಾಲೊಬ್ರು ಬಿದ್ದು ನಿಂತಾರ, ಸೀಟ್ ಮಾತ್ರ ಖಾಲಿ."

"ಯಾಕ್ರಿ?"

"ಅರಿವಿ ಇದ್ರ, ಯಾರೂ ಬರಲಿಲ್ಲಂದ್ರ ಸರಿಸಿ ಕುಂಡರ್ತಿದ್ರು. ಪುಸ್ತಕ ನೋಡ್ರಿ. ಯಾರೋ ಅಕ್ಕೋರದು, ಕೆಳಗ ನೀರಿಗಿ ಹೋಗ್ಯಾರ, ಬರ್ತಾರ ಅಂದ್ರಂತ. ಬಸ್ ಬಿಟ್ಟ ಮ್ಯಾಲ, ಹಿಂದ ಎಲ್ಲೋ ನಿಂತಿರಬೇಕು, ಬರ್ತಾರ ಅಂದ್ರಂತ. ಒಬ್ಬಾತ ಎತ್ತಿ, ಕಣ್ಣಿಗಿ ಒತ್ತಿಗೊಂಡು, ತಿರಗಿ ಅಲ್ಲೇ ಇಟ್ಟಾನ. ಸರಸ್ವತಿ ಮ್ಯಾಲ ಕುಂಡರಾಕ ಬರಂಗಿಲ್ಲ, ಕಾಲಾಗ ಇಡಾಕ ಬರಂಗಿಲ್ಲ. ಏನ ಮಾಡಬೇಕು?"

ಹುಮನಾಬಾದಿನಲ್ಲಿ ಒಬ್ಬ ಮುದುಕಿ ಹತ್ತಿ, ಇವರ ಮಡಿವಂತಿಕೆ ನೋಡಿ ನಕ್ಕು, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಕೂತಳಂತೆ. ಬೀದರಿನ ತನಕ ಅದನ್ನು ಕೂಸಿನ ಹಾಗೆ ಹಿಡಿದುಕೊಂಡಿದ್ದಳಂತೆ. ಇದನ್ನೆಲ್ಲ ಹೇಳಿ ಮುಗಿಸಿ ಕಂಡಕ್ಟರ್ ಮೆಲ್ಲಗೆ, "ಅಂದಂಗ ಅಕ್ಕೋರ, ಆ ಲಾರಿ ಏನಾತ್ರಿ? ಎರಡು ಹಾಳಿ ಓದೀನಿ ನಾ," ಎಂದ.

ನನಗೂ ಗೊತ್ತಿರಲಿಲ್ಲ. ಅವತ್ತು ಬಸ್ಸಿನಲ್ಲಿ ಪುಸ್ತಕ ಬಿಚ್ಚಲೇ ಇಲ್ಲ. ಚೀಲದಲ್ಲಿ ಹಿಡಿದುಕೊಂಡು ಕೂತೆ. ಮನೆಗೆ ಹೋಗಿ, ಅತ್ತೆಯ ಎದುರು ಕೂತು, ಘಾಟಿಯ ಅಧ್ಯಾಯವನ್ನು ಜೋರಾಗಿ ಓದಿದೆ. ರೊಟ್ಟಿ ಇಲ್ಲ, ಒಲೆ ಹಚ್ಚಲಿಲ್ಲ. ನಮ್ಮ ಮನೆಯವರು ತಾವೇ ಚುರಮುರಿ ನೆನೆಸಿ ಸುಸಲಾ ಮಾಡಿಕೊಂಡು, ತಟ್ಟೆ ಹಿಡಿದು ಬಾಗಿಲಲ್ಲಿ ಬಂದು ನಿಂತು ಕೇಳಿದರು. ಆ ಹೆಂಗಸು ಲಾರಿಯನ್ನು ರಸ್ತೆ ಬದಿಯ ಜಲ್ಲಿಯ ಗುಡ್ಡೆಗೆ ನುಗ್ಗಿಸಿ ನಿಲ್ಲಿಸುತ್ತಾಳೆ. ಈರುಳ್ಳಿ ಚೀಲ ಬಿಚ್ಚಿ ರಸ್ತೆಯ ತುಂಬ ಉರುಳುತ್ತವೆ. ಅವಳು ಇಳಿಯುವುದಿಲ್ಲ, ಅಳುವುದಿಲ್ಲ. ಸೀಟಿನ ಕೆಳಗಿನಿಂದ ಬುತ್ತಿ ತೆಗೆದು ಊಟ ಮಾಡುತ್ತಾಳೆ.

"ನೋಡು! ಇಕಿ ಉಂಡ್ಳು," ಎಂದರು ಅತ್ತೆ. ಹೊಳಿ ಪುಸ್ತಕದವನ ಮೇಲಿನ ಸಿಟ್ಟು ಅವತ್ತಿಗೆ ತೀರಿತು.

ಆಮೇಲೆ ಯಾರಿಗೂ ಹೇಳದ ಒಂದು ಮಾತು ಹೇಳಿದರು. ಶಹಾಬಜಾರಿನ ತವರು ಮನೆಯಲ್ಲಿ ಅವರ ತಂದೆಯದೊಂದು ಟಾಂಗಾ ಇತ್ತಂತೆ. ಅದನ್ನು ತಾನೇ ಹೊಡೆಯಬೇಕು ಅಂತ ಹುಡುಗಿಯಾಗಿದ್ದಾಗ ಬಹಳ ಆಸೆಯಿತ್ತಂತೆ. ಒಂದೇ ಒಂದು ಸಲ, ಓಣಿಯ ಈ ತುದಿಯಿಂದ ಆ ತುದಿಯವರೆಗೆ, ಲಗಾಮು ಹಿಡಿದಿದ್ದರಂತೆ. "ಕುದರಿ ನನ್ನ ಮಾತು ಕೇಳ್ತು," ಎಂದರು. ಮಗನಿಗೇ ಅದು ಹೊಸ ಸುದ್ದಿ. ಅವರು ಸುಸಲಾದ ತಟ್ಟೆ ಹಿಡಿದು ಹಾಗೇ ನಿಂತಿದ್ದರು.

ಏಪ್ರಿಲ್‌ನಲ್ಲಿ ಸೂಟಿ ಬಂತು. ಈಗ ಹೊತ್ತಿಗೇನು ಕಡಿಮೆ ಅಂತ ನಾಲ್ಕು ಪುಸ್ತಕ ಮನೆಗೆ ತಂದಿಟ್ಟೆ. ಒಂದೂ ಮುಗಿಯಲಿಲ್ಲ. ಪುಸ್ತಕ ಬಿಚ್ಚಿದರೆ ಕುಕ್ಕರ್ ಕೂಗುತ್ತದೆ. ಕುಕ್ಕರ್ ಇಳಿಸಿ ಬಂದರೆ ಬಾಗಿಲಲ್ಲಿ ಕೊರಿಯರ್ ನಿಂತಿರುತ್ತಾನೆ. ಅವನನ್ನು ಕಳಿಸಿದರೆ ನಮ್ಮ ಮನೆಯವರು ಕಪಾಟಿನ ಮುಂದೆ ನಿಂತು, ಕಣ್ಣ ಮುಂದೆಯೇ ಇರುವ ಬನಿಯನ್ ಎಲ್ಲಿದೆ ಅಂತ ಕೇಳುತ್ತಾರೆ. ಮಗಳು ಬಂದಳು, ಅವಳ ಗೆಳತಿಯರು ಬಂದರು, ಶರಣಸಿರಸಗಿಯಲ್ಲಿ ಹೊಸ ಲೇಔಟಿನಲ್ಲಿ ಮನೆ ಕಟ್ಟಿಸಿದ ನೆಂಟರು ಗೃಹಪ್ರವೇಶಕ್ಕೆ ಕರೆಯಲು ಬಂದರು. ಅತ್ತೆಯೂ ಬಿಡುತ್ತಿರಲಿಲ್ಲ, ಹಪ್ಪಳ ಒಣಹಾಕು, ಖಾರ ಕುಟ್ಟಿಸಿಕೊಂಡು ಬಾ. ಸಂಜೆಯಾದರೆ, "ಎಲ್ಲಿತನ ಬಂತು?" ಎನ್ನುವರು. ನಿನ್ನೆ ಇದ್ದಲ್ಲೇ ಇದೆ ಅನ್ನುವೆ.

ಆಗ ನನಗೆ ತಿಳಿಯಿತು. ಬಸ್ಸಿನ ಆ ಎರಡು ತಾಸುಗಳಲ್ಲಿ ಮಾತ್ರ ಯಾರೂ ನನ್ನನ್ನು ಏನೂ ಕೇಳುವುದಿಲ್ಲ. ಊರೊಳಗಿನ ಶಾಲೆ ಸಿಕ್ಕರೆ ಅದು ಹೋಯಿತು. ನನಗೆ ದುಃಖವಾಯಿತು, ಆ ದುಃಖದ ಬಗ್ಗೆ ನಾಚಿಕೆಯೂ ಆಯಿತು. ಎಷ್ಟು ವರ್ಷ ಈ ಮುದುಕಿ ನನಗಾಗಿ ಯಾರ್ಯಾರ ಪಕ್ಕದಲ್ಲಿ ಕೂತು ಊಟ ಮಾಡಿದ್ದಾರೆ! ನನಗೆ ಓದಲು ಬಸ್ಸು ಬೇಕು, ಟ್ರಾನ್ಸ್‌ಫರ್ ಬೇಡ ಅಂದರೆ ಕಾಲೋನಿಯಲ್ಲಿ ತಲೆ ಕೆಟ್ಟಿದೆ ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಹೋಗಿ ಸಹಿ ಮಾಡಿ ಬರುವುದು ಅಂತ ತೀರ್ಮಾನ ಮಾಡಿದೆ.

ಮೇ ಕೊನೆಯಲ್ಲಿ ಕೌನ್ಸೆಲಿಂಗ್. ಅಂದರೆ ಸರದಿಯಂತೆ ಒಳಗೆ ಕರೆಯುತ್ತಾರೆ, ಖಾಲಿ ಇರುವ ಶಾಲೆಗಳನ್ನು ಪರದೆಯ ಮೇಲೆ ತೋರಿಸುತ್ತಾರೆ, ಬೇಕಾದದ್ದನ್ನು ಆರಿಸಿಕೊಳ್ಳಬೇಕು. ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ಶಾಲೆ ಖಾಲಿ ಇದೆ ಅಂತ ಮೊದಲೇ ಗೊತ್ತಾಗಿತ್ತು. ಬೆಳಿಗ್ಗೆ ಹೊರಡುವಾಗ ಅತ್ತೆಯ ಕಾಲಿಗೆ ನಮಸ್ಕಾರ ಮಾಡಿದೆ. ಅವರು ತಲೆಯ ಮೇಲೆ ಕೈ ಇಟ್ಟು, ಸೊಂಟದಿಂದ ಏನೋ ತೆಗೆದು ನನ್ನ ಕೈಯಲ್ಲಿಟ್ಟರು. ಒಂದು ಕರವಸ್ತ್ರ. ಕರವಸ್ತ್ರ ಅನ್ನುವುದಕ್ಕಿಂತ ಸ್ವಲ್ಪ ದೊಡ್ಡದು. ಅವರ ಹಳೆಯ ಇಲಕಲ್ ಸೀರೆಯ ಕೆಂಪು ಸೆರಗು ಕತ್ತರಿಸಿ, ನಾಲ್ಕೂ ಅಂಚು ಮಡಚಿ ಕೈಯಿಂದ ಹೊಲಿದಿದ್ದರು. ಹೊಲಿಗೆ ಸೊಟ್ಟಪಟ್ಟ. ಆ ಕಣ್ಣಿನಿಂದ ಅದನ್ನು ಯಾವಾಗ ಹೊಲಿದರೋ.

"ಇನ್ನ ಮ್ಯಾಲ ಬಸ್ಸಿನ್ಯಾಗ ಪುಸ್ತಕ ಒಗಿಬ್ಯಾಡ. ಇದನ್ನ ಒಗಿ. ಕೆಂಪ ಅದ, ದೂರದಿಂದ ಕಾಣ್ತದ," ಎಂದರು.

"ಇನ್ನ ಬಸ್ಸೆಲ್ಲಿ ಅದರಿ ಅತ್ತ್ಯಾರ? ಇವತ್ತ ಊರಿಗೇ ಬರ್ತೀನಲ್ಲ," ಎಂದೆ.

"ಸೂಟಿಯೊಳಗ ನೋಡೀನಿ ನಾ. ಮನ್ಯಾಗ ಇದ್ರ ನೀ ಓದಂಗಿಲ್ಲ. ನೀ ಓದಲಿಲ್ಲಂದ್ರ ನಾ ಏನ ಕೇಳಲಿ? ಬ್ಯಾಡ ಅಂತ ಹೇಳಿ ಬಾ." ಇಷ್ಟು ಹೇಳಿ, ನಾನು ಮತ್ತೇನೂ ಅನ್ನದ ಹಾಗೆ ತಿರುಗಿ ಒಳಗೆ ಹೋದರು.

ಪರದೆಯ ಮೇಲೆ ಆ ಶಾಲೆಯ ಹೆಸರು ಬಂತು. ಕಂಪ್ಯೂಟರ್ ಮುಂದೆ ಕೂತಿದ್ದ ಮೇಡಂ ನನ್ನ ಮುಖ ನೋಡಿದರು. "ಬ್ಯಾಡ್ರಿ, ಕಮಲಾಪುರದಾಗೇ ಇರ್ತೀನಿ," ಎಂದೆ.

"ಸಿಟಿ ಸಾಲಿ ಬಿಡ್ತೀರಿ? ಯಾಕ್ರಿ?"

ಇದ್ದದ್ದು ಇದ್ದಂತೆ ಹೇಳಿದೆ: "ನಮ್ಮ ಅತ್ತಿ ಬ್ಯಾಡ ಅಂದಾರ್ರಿ."

ಆ ಮೇಡಂ ಮುಖ ಬಾಡಿತು. ಪಕ್ಕದಲ್ಲಿದ್ದವರಿಗೆ ಕಣ್ಣಲ್ಲೇ ಏನೋ ಹೇಳಿದರು. ಹಿಂದೆ ಸಾಲಿನಲ್ಲಿದ್ದ ಒಬ್ಬಾಕೆ ನನ್ನ ಭುಜ ಮುಟ್ಟಿ, "ನಮ್ಮನ್ಯಾಗೂ ಹಿಂಗೇರಿ," ಎಂದು ನಿಟ್ಟುಸಿರು ಬಿಟ್ಟಳು. ನಾನು ಕೆಂಪು ಕರವಸ್ತ್ರ ಬಾಯಿಗೆ ಒತ್ತಿ ಹಿಡಿದುಕೊಂಡೆ. ಅಳುತ್ತಿದ್ದೇನೆ ಅಂದುಕೊಂಡು ಅವರು ಕುಡಿಯಲು ನೀರು ತರಿಸಿದರು.

ಸುದ್ದಿ ಕಾಲೋನಿಗೆ ಬರಲು ತಡವಾಗಲಿಲ್ಲ. ಈಗ ನಮ್ಮ ಓಣಿಯಲ್ಲಿ ಅತ್ತೆಯ ಹೆಸರು ಕೆಟ್ಟಿದೆ. ಸೊಸೆಗೆ ಬಂದ ಟ್ರಾನ್ಸ್‌ಫರ್ ತಪ್ಪಿಸಿದ ಗಟವಾಣಿ ಅಂತ ಹೆಂಗಸರು ಮಾತಾಡಿಕೊಳ್ಳುತ್ತಾರೆ. ಶಾಲೆ ಶುರುವಾದ ದಿನ ಕೆಂಪು ಕರವಸ್ತ್ರ ಎಸೆದು ಕಿಟಕಿ ಬದಿಯ ಸೀಟು ಹಿಡಿದು, ಹೊಸ ಪುಸ್ತಕ ಶುರುಮಾಡಿ, ಸಂಜೆ ಮನೆಗೆ ಬಂದವಳೇ ಆ ಮಾತು ತೆಗೆದೆ. ಮಂದಿ ನಿಮಗೆ ಹೀಗೆಲ್ಲ ಅನ್ನುತ್ತಾರಲ್ಲ, ನಾನೇ ಹೋಗಿ ನಿಜ ಹೇಳಿ ಬರಲೇ ಅಂದೆ.

ಅತ್ತೆ ಜೋಳದ ಮೊರ ಬದಿಗಿಟ್ಟು ಮಣೆಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

"ಅನ್ನಲಿ ಬಿಡು. ಎಲ್ಲಿತನ ಬಂತು?"